ಪೂರ್ಣ ವಿಶ್ವಾಸಕ್ಕೆ ಹೆದರಿದ ಕೋಚ್

ಸುಂದರ ಬಂಗೇರ ಅವರನ್ನು ಹದಿನಾಲ್ಕು ವರ್ಷಗಳಲ್ಲಿ ಏಳು ಫುಟ್‌ಬಾಲ್ ಕ್ಲಬ್ಬುಗಳು ಕೋಚ್ ಕೆಲಸದಿಂದ ತೆಗೆದಿದ್ದವು. ಅತಿ ಹೆಚ್ಚು ಉಳಿದದ್ದು ಎರಡು ವರ್ಷ ನಾಲ್ಕು ತಿಂಗಳು. ಅತಿ ಕಡಿಮೆ, ಹತ್ತೊಂಬತ್ತು ದಿನ. ಆ ಹತ್ತೊಂಬತ್ತು ದಿನಗಳಲ್ಲಿ ತಂಡ ಒಂದು ಪಂದ್ಯವನ್ನೂ ಸೋತಿರಲಿಲ್ಲ, ಆಡಿಯೂ ಇರಲಿಲ್ಲ. ಮಾಲೀಕರ ಅಳಿಯನಿಗೆ ಇವರು ಸೀಟಿ ಊದುವ ರೀತಿ ಹಿಡಿಸಿರಲಿಲ್ಲ.

ಇದನ್ನೆಲ್ಲ ಅವರು ಬೇಸರವಿಲ್ಲದೆ ಹೇಳುತ್ತಿದ್ದರು. “ಕೋಚ್ ಅಂದ್ರೆ ಹಾಲಿನ ಪ್ಯಾಕೆಟ್ ಇದ್ದ ಹಾಗೆ. ತಾರೀಕು ಮೇಲೆಯೇ ಉಂಟು. ನಾವು ಓದುವುದಿಲ್ಲ, ಅಷ್ಟೆ.”

ಹುಟ್ಟಿದ್ದು ಉಳ್ಳಾಲದ ಬಳಿ. ಹದಿನೆಂಟನೇ ವಯಸ್ಸಿಗೆ ಪುಣೆಯ ಖಡಕಿಯಲ್ಲಿದ್ದ ಅಣ್ಣನ ಹೋಟೆಲಿಗೆ ಬಂದರು. ಬೆಳಿಗ್ಗೆ ಇಡ್ಲಿ ಹಂಚಿ, ಸಂಜೆ ಕಾರ್ಖಾನೆಯ ಕೆಲಸಗಾರರ ಜೊತೆ ಫುಟ್‌ಬಾಲ್ ಆಡಿದರು. ಎಡಬದಿಯ ರಕ್ಷಣೆ ಅವರದು. ಆಟ ಮುಗಿದ ಮೇಲೆ ಕೋಚಿಂಗ್ ಪರೀಕ್ಷೆಗಳನ್ನು ಒಂದೊಂದಾಗಿ ಪಾಸು ಮಾಡಿದರು. ಹೆಂಡತಿ ಲೀಲಾಕ್ಷಿ ಅವರ ಜೊತೆ ಹದಿನಾಲ್ಕು ವರ್ಷಗಳಲ್ಲಿ ಹನ್ನೊಂದು ಮನೆ ಬದಲಿಸಿದರು. ಕ್ಲಬ್ಬು ಕೊಟ್ಟ ಮನೆಯನ್ನು ಕೆಲಸ ಹೋದ ನಲವತ್ತೆಂಟು ಗಂಟೆಯೊಳಗೆ ಖಾಲಿ ಮಾಡಬೇಕು. ಹಾಗಾಗಿ ಲೀಲಾಕ್ಷಿ ಒಂದು ನಿಯಮ ಮಾಡಿಕೊಂಡಿದ್ದರು: ಇಬ್ಬರು ಸೇರಿ ಮೂರು ಮಹಡಿ ಇಳಿಸಲಾಗದ ಯಾವ ವಸ್ತುವನ್ನೂ ಕೊಳ್ಳಬಾರದು.

ಕೆಲಸ ಹೋಗುವ ಮುನ್ನ ಕೆಲವು ಲಕ್ಷಣಗಳು ಕಾಣಿಸುತ್ತವೆ ಎಂಬುದು ಸುಂದರ ಅವರ ಅನುಭವ. ಯಾವುದೋ ಬಾಗಿಲಿನ ಬೀಗ ಬದಲಾಗುತ್ತದೆ. ಕಚೇರಿಯವರು ನಿಮ್ಮ ಊರಿನ ವಿಳಾಸ ಕೇಳುತ್ತಾರೆ. ಎಂದೂ ಮೈದಾನಕ್ಕೆ ಬಾರದ ಆಡಳಿತದವರು ಬಂದು ನಿಂತು, ನಿಮ್ಮನ್ನು ಮಾತನಾಡಿಸದೆ ಹೋಗುತ್ತಾರೆ. ಇವಿಷ್ಟು ಸುಳ್ಳಾಗುವುದೂ ಉಂಟು. ಸುಳ್ಳಾಗದ ಲಕ್ಷಣ ಒಂದೇ. ಮಾಲೀಕರು ನಾಲ್ಕು ಜನರೆದುರು “ನಮ್ಮ ಕೋಚ್ ಮೇಲೆ ನಮಗೆ ಪೂರ್ಣ ವಿಶ್ವಾಸವಿದೆ” ಎನ್ನುತ್ತಾರೆ. ವಿಶ್ವಾಸ ಇದ್ದವರು ಅದನ್ನು ಹೇಳುವ ಅಗತ್ಯವಿಲ್ಲ; ಹೇಳಿದರೆಂದರೆ ಹೊಸ ಕೋಚ್ ಆಗಲೇ ರೈಲು ಹತ್ತಿದ್ದಾನೆ ಎಂದು ಅರ್ಥ. ಏಳು ಸಲವೂ ಹೀಗೇ ಆಗಿತ್ತು.

ಏಳನೇ ಕ್ಲಬ್ಬು ಪುಣೆಯದೇ. ಅದರ ಮಾಲೀಕರು ಆಟಗಾರರ ಬಸ್ಸಿನ ಸಮೇತ ಕ್ಲಬ್ಬನ್ನು ಮಾರಿಬಿಟ್ಟರು. ಸುಂದರ ಖಡಕಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದು ಕುಳಿತಿದ್ದಾಗ ಪತ್ರಿಕೆಯಲ್ಲಿ ಒಂದು ಜಾಹೀರಾತು ಕಂಡಿತು. ಸದಾಶಿವ ಪೇಠದ ಒಂದು ಹಳೆಯ ಕಾಲೇಜಿಗೆ ‘ವೃತ್ತಿಪರ ಕ್ಲಬ್ಬಿನಲ್ಲಿ ದುಡಿದ’ ಫುಟ್‌ಬಾಲ್ ಕೋಚ್ ಬೇಕಾಗಿತ್ತು. ಕಾಲೇಜಿಗೆ ಅಂಕ ಕೊಡುವ ಸಮಿತಿಯೊಂದು ಬರುವುದಿತ್ತು. ಹೊರಗಿನ ವೃತ್ತಿಯಿಂದ ಬಂದ ಒಬ್ಬರು ಪಾಠ ಮಾಡುತ್ತಿದ್ದರೆ ಸಮಿತಿ ಹೆಚ್ಚು ಅಂಕ ಕೊಡುತ್ತದೆ. ಒಂದು ಕಾಲೇಜು ನಿವೃತ್ತ ಪೈಲಟ್‌ನನ್ನು ಹಿಡಿದಿತ್ತು, ಇನ್ನೊಂದು ಬಾಣಸಿಗನನ್ನು. ಈ ಕಾಲೇಜಿಗೆ ಮೈದಾನವಿತ್ತು.

ಸಂದರ್ಶನ ಮಾಡಿದವರು ಪ್ರಿನ್ಸಿಪಾಲ್ ಋಷಿಕೇಶ ಆಪಟೆ, ಸಸ್ಯಶಾಸ್ತ್ರದವರು.

“ಎಷ್ಟು ಸಲ ಪ್ರಕಟವಾಗಿದ್ದೀರಿ?” ಎಂದು ಮರಾಠಿಯಲ್ಲಿ ಕೇಳಿದರು.

“ಏಳು ಸಲ ಸರ್. ಪತ್ರಿಕೆಯಲ್ಲಿ.”

“ವಿಷಯ?”

“ನನ್ನನ್ನು ತೆಗೆದದ್ದು.”

ಪಕ್ಕದಲ್ಲಿದ್ದವರು ‘ಏಳು’ ಎಂದು ಬರೆದುಕೊಂಡರು. ನೇಮಕವಾಯಿತು. ಒಂದು ವರ್ಷದ ಪರೀಕ್ಷಾವಧಿ. ಜೂನ್ ಕೊನೆಯವರೆಗೆ ಕೆಲಸ ನಿಯಮದಂತೆ ನಡೆದರೆ ಕಾಯಂ. ಕಾಯಂ ಎಂಬ ಪದವನ್ನು ಲೀಲಾಕ್ಷಿ ಎರಡು ಸಲ ಓದಿಸಿದರು. ಮರುದಿನ ಹೋಗಿ ಇಪ್ಪತ್ತೆರಡು ಕಿಲೋ ತೂಕದ ಗ್ರೈಂಡರ್ ಕೊಂಡು ತಂದರು.

ಕಾಲೇಜಿನ ಮೈದಾನವನ್ನು ಸುಂದರ ಮೊದಲ ದಿನವೇ ಅಳೆದರು. ಉದ್ದ ಎಪ್ಪತ್ನಾಲ್ಕು ಮೀಟರ್, ನಿಯಮಕ್ಕಿಂತ ಹದಿನಾರು ಕಡಿಮೆ. ಅದನ್ನು ನೋಡಿಕೊಳ್ಳುತ್ತಿದ್ದವರು ಯಾದಗಿರಿ ಕಡೆಯ ಭೀಮಣ್ಣ. ಗೆರೆ ಹಾಕುವುದು, ಬಲೆ ಕಟ್ಟುವುದು, ಕೀಲಿ ಇಟ್ಟುಕೊಳ್ಳುವುದು, ಇಪ್ಪತ್ತಾರು ವರ್ಷಗಳಿಂದ ಅವರ ಕೆಲಸ.

“ಟೀಮ್ ಎಲ್ಲಿ ಉಂಟು?” ಎಂದು ಸುಂದರ ಕೇಳಿದರು.

“ಟೀಮ್ ಅಂತ ಇಲ್ರಿ ಸರ. ಬ್ಯಾಚ್ ಅದಾವ. ಇದು ಪ್ರಾಕ್ಟಿಕಲ್ ವಿಷಯ ಅಲ್ರಿ? ಕೆಮಿಸ್ಟ್ರಿ ಹೆಂಗೋ ಇದೂ ಹಂಗ.”

ಇಪ್ಪತ್ನಾಲ್ಕು ವಿದ್ಯಾರ್ಥಿಗಳು, ರೋಲ್ ನಂಬರಿನ ಪ್ರಕಾರ ಎಂಟೆಂಟು ಜನರ ಮೂರು ಬ್ಯಾಚು. ಎ ಬ್ಯಾಚು ಮಂಗಳವಾರ, ಬಿ ಬುಧವಾರ, ಸಿ ಶುಕ್ರವಾರ, ಮಧ್ಯಾಹ್ನ ಎರಡು ಹತ್ತರಿಂದ ಮೂರು ಐವತ್ತು. ಮೂವರು ಗೋಲ್‌ಕೀಪರ್‌ಗಳೂ ಎ ಬ್ಯಾಚಿನಲ್ಲಿ ಬಂದಿದ್ದರು. ಗೋಲ್ ಹೊಡೆಯಬಲ್ಲವರೆಲ್ಲ ಸಿ. ಮಂಗಳವಾರ ಮೂವರು ಒಂದೇ ಗೋಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತು ಕಾಯುತ್ತಿದ್ದರು; ಶುಕ್ರವಾರ ಉಳಿದವರು ಖಾಲಿ ಗೋಲಿಗೆ ಹೊಡೆಯುತ್ತಿದ್ದರು, ಕೆಲವೊಮ್ಮೆ ತಪ್ಪುತ್ತಿದ್ದರು. ಎಲ್ಲರನ್ನೂ ಒಟ್ಟಿಗೆ ಕೊಡಿ ಎಂದು ಸುಂದರ ಅರ್ಜಿ ಹಾಕಿದರು. ವೇಳಾಪಟ್ಟಿ ಸಮಿತಿ ಎರಡು ಸಲ ಸೇರಿ ಚರ್ಚಿಸಿ ಒಪ್ಪಿಗೆ ಕೊಟ್ಟಿತು, ಮುಂದಿನ ಶೈಕ್ಷಣಿಕ ವರ್ಷದಿಂದ.

ಹಾಗಾಗಿ ಹನ್ನೊಂದು ಜನ ಮೊದಲ ಸಲ ಒಟ್ಟಾದದ್ದು ಜನವರಿಯಲ್ಲಿ, ಅಂತರ ಕಾಲೇಜು ಪಂದ್ಯದ ದಿನ. ಗೋಲ್‌ಕೀಪರ್ ತನ್ನದೇ ತಂಡದ ಡಿಫೆಂಡರ್‌ನ ಹೆಸರು ಕೇಳಿದ್ದು ಹನ್ನೊಂದನೇ ನಿಮಿಷದಲ್ಲಿ. ಅಷ್ಟರಲ್ಲಿ ಒಂದು ಗೋಲ್ ಆಗಿತ್ತು. ಆ ಪಂದ್ಯವನ್ನು ತಂಡ ಮೂರು ಸೊನ್ನೆಯಿಂದ ಸೋತಿತು. ಎರಡನೆಯದು ನಾಲ್ಕು ಒಂದರಿಂದ. ಮೂರನೆಯದು ಎರಡು ಸೊನ್ನೆಯಿಂದ. ಕ್ಲಬ್ಬಿನ ಲೆಕ್ಕದಲ್ಲಿ ಮೂರು ಸೋಲು ಎಂದರೆ ಪೆಟ್ಟಿಗೆ ಹೊರಗೆ ತೆಗೆಯುವ ಹೊತ್ತು. ಕಾಲೇಜಿನಲ್ಲಿ ಮಾತ್ರ ಯಾರೂ ಏನೂ ಹೇಳಲಿಲ್ಲ. ಸ್ಟಾಫ್ ರೂಮಿನಲ್ಲಿ ಒಬ್ಬ ಅಧ್ಯಾಪಕರು “ಪಂದ್ಯ ಯಾವಾಗ?” ಎಂದು ಕೇಳಿದರು. ಮೂರೂ ಮುಗಿದಿದ್ದವು.

ಈ ಮೌನ ಸುಂದರ ಅವರಿಗೆ ಒಗ್ಗಲಿಲ್ಲ. ಫೆಬ್ರವರಿಯ ಮೊದಲ ವಾರ ಕ್ರೀಡಾ ಕೊಠಡಿಯ ಬೀಗ ಬದಲಾಗಿತ್ತು. ಅದೇ ವಾರ ಹಾಜರಿ ಪುಸ್ತಕ ನೋಡಿಕೊಳ್ಳುವ ಕೃಷ್ಣಾಬಾಯಿ ಒಂದು ಫಾರಂ ಕೊಟ್ಟು ಊರಿನ ವಿಳಾಸ ತುಂಬಿಸಿಕೊಂಡರು. ಶುಕ್ರವಾರ ಸಂಸ್ಥೆಯ ಅಧ್ಯಕ್ಷರು, ಎಂಬತ್ತೆರಡು ವರ್ಷದ ಸದಾನಂದರಾವ್, ಕೋಲೂರಿಕೊಂಡು ಮೈದಾನಕ್ಕೆ ಬಂದರು. ಆ ತುದಿ ಈ ತುದಿ ನೋಡಿದರು. ಸುಂದರ ನಮಸ್ಕಾರ ಮಾಡಿದ್ದು ಕಾಣದೆ ಹೋದರು. ಸುಂದರ ಮನೆಗೆ ಬಂದು ಹೆಂಡತಿಗೆ ಹೇಳಿದರು, “ಮೂರು ಆಯ್ತು. ಒಂದು ಬಾಕಿ ಉಂಟು.”

ಬಾಕಿಯದು ಭಾನುವಾರ ಸಂಜೆ ಬಂತು. ಕಾಲೇಜಿನ ವಾರ್ಷಿಕೋತ್ಸವ, ಮೈದಾನದಲ್ಲೇ ಪೆಂಡಾಲು. ಸದಾನಂದರಾವ್ ನಲವತ್ತು ನಿಮಿಷ ಮಾತಾಡಿದರು. ಮೂವತ್ತೊಂದನೇ ನಿಮಿಷಕ್ಕೆ, “ನಮ್ಮ ಫುಟ್‌ಬಾಲ್ ಕೋಚ್ ಮೇಲೆ ಸಂಸ್ಥೆಗೆ ಪೂರ್ಣ ವಿಶ್ವಾಸವಿದೆ” ಎಂದರು. ಜನ ಚಪ್ಪಾಳೆ ತಟ್ಟಿದರು. ಸುಂದರ ಎದ್ದು ಎಲ್ಲರಿಗೂ ಕೈಮುಗಿದರು, ಕೊನೆಯ ಸಲಕ್ಕೆ ಮುಗಿಯುವಂತೆ. ಕ್ರೀಡಾ ಕೊಠಡಿಗೆ ಹೋಗಿ ತಮ್ಮ ಸೀಟಿಯನ್ನು ಒರೆಸಿ ಮೇಜಿನ ಮೇಲಿಟ್ಟು ಮನೆಗೆ ಬಂದರು.

“ಆಯ್ತು,” ಎಂದರು.

ಲೀಲಾಕ್ಷಿ ಒಲೆಯ ಎದುರು ನಿಂತಿದ್ದರು. ಮನೆಯಲ್ಲಿ ಅವರು ಆಡುವುದು ತುಳು. ತುಳುವಿನಲ್ಲಿ ಅವರು ಕೇಳಿದ್ದಿಷ್ಟು: “ಚೀಟಿ ಕೊಟ್ರಾ?”

“ಚೀಟಿ ಆಮೇಲೆ. ಮೊದಲು ವಿಶ್ವಾಸ.”

“ಪೂರ್ಣ ಅಂತ ಹೇಳಿದ್ರಾ, ಬರೀ ವಿಶ್ವಾಸವಾ?”

“ಪೂರ್ಣ.”

ಲೀಲಾಕ್ಷಿ ಒಲೆ ಆರಿಸಿದರು. “ಕಾಲೇಜು ಅಂದ್ರೆ ಬೇರೆ ಅಂತ ನೀವೇ ಹೇಳಿದ್ದು. ನಾನು ಹದಿನಾಲ್ಕು ವರ್ಷ ಮಿಕ್ಸಿಯಲ್ಲಿ ರುಬ್ಬಿದವಳು. ಈಗ ಈ ಕಲ್ಲನ್ನು ಯಾರು ಇಳಿಸುವುದು?”

“ನಾನು ಇಳಿಸ್ತೇನೆ.”

“ನಿಮ್ಮ ಸೊಂಟ?”

ಸುಂದರ ಗ್ರೈಂಡರಿನ ತಂತಿ ಸುತ್ತತೊಡಗಿದರು.

ಮನೆ ಈ ಸಲ ಅವರದೇ ಬಾಡಿಗೆಯದು, ಕಾಲೇಜಿನದ್ದಲ್ಲ. ಬಿಡುವ ಅಗತ್ಯವೇ ಇರಲಿಲ್ಲ. ಆದರೆ ಏಳು ಸಲ ನಲವತ್ತೆಂಟು ಗಂಟೆಯಲ್ಲಿ ಖಾಲಿ ಮಾಡಿದವರಿಗೆ ಎಂಟನೇ ಸಲ ಬೇರೇನೂ ತೋಚಲಿಲ್ಲ. ಸೋಮವಾರ ಬೆಳಿಗ್ಗೆ ಮನೆ ಮಾಲೀಕರಿಗೆ ತಿಳಿಸಿದರು. ಅವರು ಅದೇ ಸಂಜೆ ಮನೆಯನ್ನು ಬೇರೆ ಕುಟುಂಬಕ್ಕೆ ಕೊಡುವುದಾಗಿ ಒಪ್ಪಿಕೊಂಡರು. ಫೋನ್ ಕೂಡ ಸುಂದರ ಆರಿಸಿಟ್ಟಿದ್ದರು. ಇಂಥ ಹೊತ್ತಿನಲ್ಲಿ ಪತ್ರಕರ್ತರು ಪೀಡಿಸುತ್ತಾರೆ. ಕಾಲೇಜಿಗೂ ಹೋಗಲಿಲ್ಲ, ತೆಗೆದ ಮೇಲೂ ಬಂದು ನಿಂತರೆ ಆಡಳಿತದವರಿಗೆ ಮುಜುಗರ. ಸಾಮಾನೆಲ್ಲ ಎಂದಿನಂತೆ ಅಣ್ಣನ ಹೋಟೆಲಿನ ಮಾಳಿಗೆಗೆ ಹೋಗುವುದಿತ್ತು. ಮಂಗಳವಾರ ಟೆಂಪೋ ಸಿಗದೆ ಬುಧವಾರ ಬೆಳಿಗ್ಗೆ ಬಂತು. ನಲವತ್ತೆಂಟು ಗಂಟೆಯ ಮೇಲೆ ಹನ್ನೆರಡು ಗಂಟೆ ತಡವಾಯಿತಲ್ಲ ಎಂದು ಸುಂದರ ಬೇಸರಪಟ್ಟರು.

ಬುಧವಾರ ಬೆಳಿಗ್ಗೆ ಕಾಲೇಜಿನಲ್ಲಿ ಕೃಷ್ಣಾಬಾಯಿ ಭೀಮಣ್ಣನನ್ನು ಕರೆದು ಹಾಜರಿ ಪುಸ್ತಕ ತೋರಿಸಿದರು. ಸುಂದರ ಬಂಗೇರ ಎಂಬ ಹೆಸರಿನ ಎದುರು ಸೋಮವಾರ, ಮಂಗಳವಾರದ ಎರಡು ಚೌಕಗಳು ಖಾಲಿ ಇದ್ದವು. ಪರೀಕ್ಷಾವಧಿಯಲ್ಲಿರುವವರು ರಜಾ ಅರ್ಜಿಯಿಲ್ಲದೆ ಸತತ ಮೂರು ಕೆಲಸದ ದಿನ ಬಾರದಿದ್ದರೆ ತಾವಾಗಿಯೇ ಕೆಲಸ ಬಿಟ್ಟಂತೆ. “ಸಂಜೆ ಐದೂವರೆಗೆ ನಾನು ಕೆಂಪು ಶಾಯಿ ತೆಗೆಯಬೇಕು,” ಎಂದರು ಆಕೆ. “ನನ್ನ ಕೈಯಲ್ಲಿ ಅದನ್ನು ಮಾಡಿಸಬೇಡ. ಹೋಗಿ ಬದುಕಿದ್ದಾರಾ ನೋಡಿ ಬಾ.”

ಭೀಮಣ್ಣ ಬಸ್ಸು ಹಿಡಿದು ಖಡಕಿಗೆ ಬಂದಾಗ ಹನ್ನೊಂದು ಇಪ್ಪತ್ತು. ಟೆಂಪೋ ತುಂಬಿತ್ತು. ಸುಂದರ ಹಗ್ಗ ಬಿಗಿಯುತ್ತಿದ್ದರು. ಲೀಲಾಕ್ಷಿ ಗ್ರೈಂಡರಿನ ಪಕ್ಕ ಕುರ್ಚಿ ಹಾಕಿಕೊಂಡು ಟೆಂಪೋದೊಳಗೇ ಕುಳಿತಿದ್ದರು.

“ಏನ್ರಿ ಸರ, ಊರ ಬಿಟ್ಟು ಹೊಂಟೀರೇನು?”

“ಊರಲ್ಲ ಭೀಮಣ್ಣ, ಅಣ್ಣನ ಮಾಳಿಗೆಗೆ. ನನ್ನ ಕೆಲಸ ಹೋಯ್ತಲ್ಲ.”

“ಯಾರ ಹೇಳಿದ್ರು?”

“ಅಧ್ಯಕ್ಷರೇ. ಸ್ಟೇಜಿನಲ್ಲಿ ನಿಂತು.”

“ನಾನೂ ಅಲ್ಲೇ ಇದ್ದೆನಲ್ರಿ. ಕುರ್ಚಿ ಹಾಕಿದಾವ ನಾನ. ನಿಮ್ಮ ಮ್ಯಾಲ ಪೂರ್ಣ ವಿಶ್ವಾಸ ಅದ ಅಂದ್ರು.”

“ಅದೇ.”

“ಅದೇ ಅಂದ್ರ?”

“ಪೂರ್ಣ ಅಂದ ಮೇಲೆ ಮತ್ತೆ ಎಂತ ಉಂಟು ಮಾರಾಯ್ರೆ?”

ಭೀಮಣ್ಣ ಟೆಂಪೋದ ಕಡೆ ತಿರುಗಿದರು. “ಅಕ್ಕಾರ, ಸರ್‌ಗ ಬಿಸಲು ಬಡದದೇನ್ರಿ?”

“ಬಿಸಿಲಲ್ಲ. ಏಳು ಸಲ ಹೀಗೇ ಆದದ್ದು. ಒಂದು ಸಲ ತಪ್ಪಲಿಲ್ಲ,” ಎಂದರು ಲೀಲಾಕ್ಷಿ.

“ಬೀಗ ಬದಲಿ ಮಾಡಿದ್ದು?” ಸುಂದರ ಕೇಳಿದರು. “ಅದಕ್ಕೆ ಎಂತ ಹೇಳ್ತೀರಿ?”

“ಕೀಲಿ ಸಂಡಾಸದಾಗ ಬಿತ್ರಿ. ನಂದ ಕೈಯಿಂದ. ನಿಮ್ಮ ಮುಂದ ಹೇಳ್ಲಿಕ್ಕ ನಾಚಿಗಿ ಬಂತು.”

“ವಿಳಾಸ ಕೇಳಿದ್ದು?”

“ಎಲ್ಲಾರಿಗೂ ಕೇಳ್ಯಾರ. ನನಗೂ ಕೇಳ್ಯಾರ. ಹಂಗಂದ್ರ ನಂದೂ ಹೋತೇನು?”

“ಅಧ್ಯಕ್ಷರು ಮೈದಾನ ನೋಡಿ ಹೋದದ್ದು?”

“ಪೆಂಡಾಲ್ ಎಷ್ಟು ಉದ್ದ ಹಿಡೀತದ ಅಂತ ನೋಡ್ಲಿಕ್ಕ ಬಂದಿದ್ರು. ಅವರಿಗೆ ಕಣ್ಣಿನ ಪೊರಿ ಅದ ಸರ. ಇಪ್ಪತ್ತು ಮೀಟರ್ ಮ್ಯಾಲ ಮನಿಷಾ ಕಾಣಂಗಿಲ್ಲ.” ಭೀಮಣ್ಣ ಹಗ್ಗದ ಗಂಟಿಗೆ ಕೈ ಹಾಕಿದರು. “ನಮ್ಮಲ್ಲಿ ಒಬ್ಬ ಲ್ಯಾಬ್‌ನವರನ್ನ ತೆಗೀಬೇಕಂತ ಹದಿನಾಲ್ಕು ವರ್ಷ ವಿಚಾರಣಿ ನಡೀತು. ಅವರು ರಿಟೈರ್ ಆದ್ರು, ವಿಚಾರಣಿ ಮುಗೀಲಿಲ್ಲ. ಯಾರನ್ನೂ ತೆಗ್ಯಂಗಿಲ್ರಿ ಅಲ್ಲಿ. ತಾವಾಗೇ ಮೂರು ದಿನ ಬರಲಿಲ್ಲಂದ್ರ ಮಾತ್ರ ಹೋಗ್ತದ. ಇವತ್ತ ಮೂರನೇದ ನಿಮಗ.”

ಸುಂದರ ಹಗ್ಗ ಬಿಟ್ಟರು. ಲೀಲಾಕ್ಷಿ ಕೆಳಗಿಳಿದು ಬಂದು ಚಾಲಕನ ಪಕ್ಕದ ಸೀಟಿನಲ್ಲಿ ಕುಳಿತರು. “ನಡೀರಿ. ಮನೆಯ ಕೀಲಿ ಕೊಟ್ಟಾಗಿದೆ, ಎಲ್ಲಿಗಾದ್ರೂ ಹೋಗಲೇಬೇಕಲ್ಲ. ಕಾಲೇಜಿಗೇ ಹೋಗುವ. ಇವರು ಕೆಲಸದಲ್ಲಿ ಇದ್ದಾರಾ ಇಲ್ವಾ ಅಂತ ನಾನೇ ಕೇಳ್ತೇನೆ.”

ಕೋಚಿಂಗ್ ಕ್ಲಾಸುಗಳು ಬಿಡುವ ಹೊತ್ತು. ಪೇಠದ ಗಲ್ಲಿಯಲ್ಲಿ ಸ್ಕೂಟರುಗಳ ನಡುವೆ ಟೆಂಪೋ ಇಪ್ಪತ್ತು ನಿಮಿಷ ಅಲುಗಲಿಲ್ಲ. ಸುಂದರ ಮತ್ತು ಭೀಮಣ್ಣ ಹಿಂದುಗಡೆ, ಮಂಚದ ಕಾಲು ಹಿಡಿದು ಕುಳಿತಿದ್ದರು. ಒಂದು ಗಂಟೆ ಐದು ನಿಮಿಷಕ್ಕೆ ಟೆಂಪೋ ಕಾಲೇಜಿನ ಗೇಟು ದಾಟಿತು.

ಕೃಷ್ಣಾಬಾಯಿ ಹಾಜರಿ ಪುಸ್ತಕದ ಮೇಲೆ ಕೈಯಿಟ್ಟುಕೊಂಡೇ ರಜಾ ಅರ್ಜಿಯ ಫಾರಂ ಕೊಟ್ಟರು. ಎರಡು ಖಾಲಿ ದಿನಗಳಿಗೆ ಕಾರಣ ಬರೆಯದೆ ಮೂರನೇ ದಿನದ ಸಹಿ ಮಾಡುವಂತಿಲ್ಲ. ಸುಂದರ ಸ್ವಚ್ಛ ಅಕ್ಷರಗಳಲ್ಲಿ ಬರೆದರು: ‘ಸಂಸ್ಥೆಯು ನನ್ನ ಮೇಲೆ ಪೂರ್ಣ ವಿಶ್ವಾಸ ವ್ಯಕ್ತಪಡಿಸಿದ ಕಾರಣ.’

“ಜ್ವರ ಅಂತ ಬರೀರಿ ಸರ್,” ಎಂದರು ಕೃಷ್ಣಾಬಾಯಿ.

“ಜ್ವರ ಇರಲಿಲ್ಲ.”

“ಹಾಗಾದರೆ ಪ್ರಿನ್ಸಿಪಾಲರೇ ನೋಡಬೇಕು.”

ಪ್ರಿನ್ಸಿಪಾಲ್ ಋಷಿಕೇಶ ಆಪಟೆ ಅರ್ಜಿಯನ್ನು ಎರಡು ಸಲ ಓದಿದರು. ಸುಂದರ ವಿವರಿಸಿದರು. ಏಳೂ ಕ್ಲಬ್ಬುಗಳಲ್ಲಿ ವಿಶ್ವಾಸ ಹೇಳಿದ್ದಕ್ಕೂ ಕೆಲಸ ಹೋದದ್ದಕ್ಕೂ ನಡುವಿನ ದಿನಗಳನ್ನು ಕ್ರಮವಾಗಿ ಹೇಳಿದರು: ಮೂರು, ಐದು, ಎರಡು, ಆರು, ನಾಲ್ಕು, ಒಂದು, ನಾಲ್ಕು. ಪ್ರಿನ್ಸಿಪಾಲರು ಬರೆದುಕೊಂಡು ಭಾಗಿಸಿದರು.

“ಸರಾಸರಿ ಸುಮಾರು ಮೂರೂವರೆ ದಿನ. ಏಳಕ್ಕೆ ಏಳೂ?”

“ಹೌದು ಸರ್.”

“ಮಾದರಿ ಸಣ್ಣದು. ಆದರೆ ಒಂದು ಅಪವಾದವೂ ಇಲ್ಲ.” ಅವರು ಪೆನ್ನು ಕೆಳಗಿಟ್ಟರು. “ನಿಮ್ಮ ಜಾಗದಲ್ಲಿ ನಾನಿದ್ದರೂ ಹೊರಡುತ್ತಿದ್ದೆ. ಆದರೆ ನಿಮ್ಮನ್ನು ತೆಗೆಯುವ ಯೋಚನೆ ಇಲ್ಲಿ ಯಾರಿಗೂ ಇಲ್ಲ.”

“ಇರಬಹುದು ಸರ್. ಆದ್ರೆ ಆ ಮಾತು ಹಾಗೇ ಇರುವಷ್ಟು ದಿನ ನಾನು ಮೈದಾನದಲ್ಲಿ ನಿಂತು ಗೇಟಿನ ಕಡೆ ನೋಡ್ತಾ ಇರ್ತೇನೆ. ಮಕ್ಕಳ ಆಟ ನೋಡ್ಲಿಕ್ಕೆ ಆಗುವುದಿಲ್ಲ.”

ಬಾಗಿಲ ಬಳಿ ನಿಂತಿದ್ದ ಲೀಲಾಕ್ಷಿ ಹೋಟೆಲಿನ ಗಿರಾಕಿಗಳಿಂದ ಕಲಿತ ಮರಾಠಿಯಲ್ಲಿ ಹೇಳಿದರು, “ಹಾಗಾದರೆ ವಿಶ್ವಾಸ ವಾಪಸ್ ತಗೊಳ್ಳಿ ಸರ್. ಬರೆದು ಕೊಡಿ. ಸೀಲ್ ಹಾಕಿ.”

ಪ್ರಿನ್ಸಿಪಾಲರು ಅಧ್ಯಕ್ಷರಿಗೆ ಫೋನ್ ಮಾಡಿದರು. ಸದಾನಂದರಾವ್ ಅವರಿಗೆ ಕಿವಿಯೂ ಮಂದ, ಆದ್ದರಿಂದ ಎರಡೂ ಕಡೆಯ ಮಾತು ಕೋಣೆಗೆಲ್ಲ ಕೇಳಿಸಿತು.

“ಯಾರ ಮೇಲೆ ವಿಶ್ವಾಸ?”

“ಫುಟ್‌ಬಾಲ್ ಕೋಚ್ ಮೇಲೆ ಸರ್. ಭಾನುವಾರ ನೀವು ಹೇಳಿದಿರಿ.”

“ನಮಗೆ ಫುಟ್‌ಬಾಲ್ ಕೋಚ್ ಇದ್ದಾರಾ?”

“ಇದ್ದಾರೆ ಸರ್.”

“ಭಾಷಣ ನೀವೇ ಬರೆದುಕೊಟ್ಟದ್ದಲ್ಲವೇ ಆಪಟೆ? ಕ್ಯಾಂಟೀನಿನವರ ಮೇಲೂ ಪೂರ್ಣ ವಿಶ್ವಾಸ ಅಂತ ಇತ್ತು. ಬೇಡದಿದ್ದರೆ ತೆಗೆದುಬಿಡಿ.”

“ಕೋಚನ್ನು?”

“ವಿಶ್ವಾಸವನ್ನು.”

ಸುಂದರ ಅವರ ಮುಖದಲ್ಲಿ ಮೂರು ದಿನಗಳ ಮೇಲೆ ಬಣ್ಣ ಬಂತು. ಯಾರೆಂದೇ ಗೊತ್ತಿಲ್ಲದವನನ್ನು ಅಧ್ಯಕ್ಷರು ತೆಗೆಯುವುದು ಹೇಗೆ?

ಪತ್ರದ ಕರಡು ಮೂರು ಸಲ ಆಯಿತು. ಮೊದಲನೆಯದರಲ್ಲಿ ‘ಸಂಸ್ಥೆಗೆ ಕೋಚ್ ಮೇಲೆ ವಿಶ್ವಾಸವಿಲ್ಲ’ ಎಂದಿತ್ತು. ಹಾಗೆ ಬರೆದರೆ ವಿಚಾರಣಾ ಸಮಿತಿ ರಚಿಸಬೇಕಾಗುತ್ತದೆ ಎಂದು ಕೃಷ್ಣಾಬಾಯಿ ಹೇಳಿದರು. ಎರಡನೆಯದರಲ್ಲಿ ‘ಸಾಧಾರಣ ವಿಶ್ವಾಸವಿದೆ’ ಎಂದು ತಿದ್ದಿದರು. “ಇವತ್ತು ಸಾಧಾರಣ, ನಾಳೆ ಪೂರ್ಣ ಆದ್ರೆ?” ಎಂದು ಲೀಲಾಕ್ಷಿ ಒಪ್ಪಲಿಲ್ಲ. ಕೊನೆಗೆ ನಿಂತದ್ದು ಹೀಗೆ: ‘ಶ್ರೀ ಸುಂದರ ಬಂಗೇರ ಅವರ ಬಗ್ಗೆ ಸಂಸ್ಥೆಯು ಪ್ರಸ್ತುತ ಯಾವ ಅಭಿಪ್ರಾಯವನ್ನೂ ಹೊಂದಿರುವುದಿಲ್ಲ. ಅವರು ವೇಳಾಪಟ್ಟಿಯಂತೆ ಕೆಲಸ ಮಾಡತಕ್ಕದ್ದು.’ ಪ್ರಿನ್ಸಿಪಾಲರು ಸಹಿ ಮಾಡಿದರು. ಕೃಷ್ಣಾಬಾಯಿ ಸೀಲು ಒತ್ತಿ, ಆರುವವರೆಗೆ ಊದಿ ಕೊಟ್ಟರು. ಸುಂದರ ಅದನ್ನು ನಿಂತುಕೊಂಡೇ ಓದಿದರು. ಹದಿನಾಲ್ಕು ವರ್ಷಗಳಲ್ಲಿ ಯಾವ ಕ್ಲಬ್ಬೂ ಅವರಿಗೆ ಇಷ್ಟು ಸಮಾಧಾನದ ಮಾತು ಬರೆದಿರಲಿಲ್ಲ. ಎರಡು ಗಂಟೆ ಮೂವತ್ನಾಲ್ಕು ನಿಮಿಷಕ್ಕೆ ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದರು.

ಮನೆಯೊಂದು ಉಳಿದಿತ್ತು. ಒಣಗಿಸಿದ ಗಿಡಗಳ ಹಾಳೆಗಳನ್ನಿಡುವ ಕಟ್ಟಡದ ಹಿಂದೆ ಎರಡು ಕೋಣೆ ಖಾಲಿ ಇವೆ, ಕಾಲೇಜಿನ ಸಿಬ್ಬಂದಿ ಅಲ್ಲಿ ವಾಸವಿರಬಹುದು, ಹುಳ ಬಾರದಂತೆ ಹಾಕಿದ ಗುಳಿಗೆಯ ವಾಸನೆ ಮಾತ್ರ ಹೋಗುವುದಿಲ್ಲ ಎಂದು ಪ್ರಿನ್ಸಿಪಾಲರು ಹೇಳಿದರು. ಎರಡು ಹತ್ತರಿಂದ ಕಾಯುತ್ತಿದ್ದ ಬಿ ಬ್ಯಾಚಿನ ಎಂಟು ಜನ ಟೆಂಪೋ ಖಾಲಿ ಮಾಡಿದರು. ಆ ದಿನದ ಪ್ರಾಕ್ಟಿಕಲ್ ಎಂದು ಅದನ್ನೇ ಬರೆಯಲಾಯಿತು. ಎಂಟೂ ಜನ ಹಾಜರು.

ಆಮೇಲೆ ತಂಡ ಇನ್ನೂ ಎರಡು ಪಂದ್ಯ ಸೋತು ಒಂದನ್ನು ಸಮ ಮಾಡಿಕೊಂಡಿತು. ಅಂಕ ಕೊಡುವ ಸಮಿತಿ ಬಂದು ಸುಂದರ ಅವರನ್ನು ಐದು ನಿಮಿಷ ನೋಡಿ, ಅಂಕ ಕೊಟ್ಟು ಹೋಯಿತು. ಜೂನ್ ಕೊನೆಯ ವಾರ ಕಾಯಂ ಆದೇಶ ಬಂತು. ಅದರಲ್ಲಿ ‘ಸೇವೆ ತೃಪ್ತಿಕರ’ ಎಂದಿತ್ತು. ಸುಂದರ ಅದನ್ನು ಹಿಡಿದುಕೊಂಡು ಗೆರೆ ಹಾಕುತ್ತಿದ್ದ ಭೀಮಣ್ಣನ ಬಳಿ ಬಂದರು.

“ತೃಪ್ತಿಕರ ಅಂದ್ರೆ ಎಷ್ಟು ದಿನ?”

“ಅರವತ್ತು ವರ್ಷ ತುಂಬೋ ತನಕ ರೀ. ಅದರ ಮ್ಯಾಲ ನೀವು ಇರ್ತೀನಿ ಅಂದ್ರೂ ಇಡಂಗಿಲ್ಲ. ಹುಟ್ಟಿದ ತಾರೀಕು ಹೇಳ್ರಿ.”

ಹೇಳಿದರು. ಭೀಮಣ್ಣ ಸುಣ್ಣದ ಕೈಯಲ್ಲೇ ಬೆರಳೆಣಿಸಿದರು. “ಎರಡು ಸಾವಿರದ ಮೂವತ್ಮೂರು, ಅಕ್ಟೋಬರ್ ಮೂವತ್ತೊಂದು. ಆವತ್ತ ಸಂಜೀಕ ಹಾರ ಹಾಕ್ತಾರ.”

ಎಂಟು ವರ್ಷ ನಾಲ್ಕು ತಿಂಗಳು ಮುಂದಿನ ಒಂದು ದಿನದ ಬಗ್ಗೆ ಸುಂದರ ಈವರೆಗೆ ಯೋಚಿಸಿದವರಲ್ಲ. ಎರಡು ಕೋಣೆಯ ಮನೆಗೆ ಹೋಗಿ ಲೀಲಾಕ್ಷಿಗೆ ತಾರೀಕು ಹೇಳಿದರು.

“ಯಾವ ವಾರ?” ಎಂದು ಕೇಳಿದರು ಆಕೆ.

ಅದು ಅವರಿಗೆ ಗೊತ್ತಿರಲಿಲ್ಲ. ಮತ್ತೆ ಮೈದಾನ ದಾಟಿ ಪ್ರಿನ್ಸಿಪಾಲರ ಕೋಣೆಯವರೆಗೆ ಹೋಗಿ, ಅವರಿಂದ ಲೆಕ್ಕ ಹಾಕಿಸಿಕೊಂಡು ಬಂದರು. ಸೋಮವಾರ.